ಮೇಳದ ಯಜಮಾನರಿಗೆ: ಹರ್ಮನ್ ಕಂಪನಿಗೊಂದು ಬಹಿರಂಗ ಪತ್ರ

ಹರ್ಮನ್ ಇಂಟರ್‌ನ್ಯಾಷನಲ್‌ನ ಆಡಳಿತದವರಿಗೆ, ಅದರ ಒಡೆಯರಾದ ಸ್ಯಾಮ್‌ಸಂಗ್‌ನವರಿಗೆ, ಮತ್ತು ಬೆಂಗಳೂರಿನ ನಿಮ್ಮ ಕಚೇರಿಯಲ್ಲಿ ಕೆಲಸ ಮಾಡುವ ಕನ್ನಡದ ಗೆಳೆಯ ಗೆಳತಿಯರಿಗೆ,

ನಮಸ್ಕಾರ.

ನಾನು ಸಾಗರದ ಕಡೆಯವನು. ಯಕ್ಷಗಾನ, ತಾಳಮದ್ದಳೆ, ಅಪರೂಪಕ್ಕೊಮ್ಮೆ ವೀಣೆ ಕಚೇರಿ, ಇವುಗಳ ಧ್ವನಿಮುದ್ರಣ ಮಾಡುವುದು ನನ್ನ ಕಸುಬು. ಇಪ್ಪತ್ತು ವರ್ಷದಿಂದ ಇದೇ ಕೆಲಸ. ನನ್ನ ಚೀಲದಲ್ಲಿರುವ ಮೈಕು, ಹೆಡ್‌ಫೋನು, ಮನೆಯಲ್ಲಿರುವ ಸ್ಪೀಕರು, ಆಂಪ್ಲಿಫೈಯರು, ಎಲ್ಲದರ ಮೇಲೂ ಒಂದೊಂದು ಹೆಸರಿದೆ. ಅವುಗಳಲ್ಲಿ ಎಷ್ಟು ಈಗ ನಿಮ್ಮ ಒಂದೇ ಮನೆಗೆ ಸೇರಿವೆ ಎಂದು ಮೊನ್ನೆ ಲೆಕ್ಕ ಹಾಕಿದೆ. ಜೆಬಿಎಲ್, ಎಕೆಜಿ, ಇನ್ಫಿನಿಟಿ, ಮಾರ್ಕ್ ಲೆವಿನ್‌ಸನ್, ಆರ್ಕಾಮ್. 2023ರಲ್ಲಿ ಹಾಡು ನುಡಿಸುವ ಸಾಫ್ಟ್‌ವೇರ್ ರೂನ್ ಸೇರಿತು. 2025ರಲ್ಲಿ ಹಲವು ಆಡಿಯೋ ಹೆಸರುಗಳ ಒಡೆತನವಿದ್ದ ಸೌಂಡ್ ಯುನೈಟೆಡ್ ಕಂಪನಿಯನ್ನು ಕೊಂಡಾಗ ಒಂದೇ ಸಲಕ್ಕೆ ಬೌವರ್ಸ್ ಆಂಡ್ ವಿಲ್ಕಿನ್ಸ್, ಡೆನಾನ್, ಮರಾಂಟ್ಜ್, ಪೋಲ್ಕ್, ಡೆಫಿನಿಟಿವ್ ಟೆಕ್ನಾಲಜಿ ಎಲ್ಲ ಬಂದವು. ನನ್ನಂಥವನ ಕಿವಿಯ ಬದುಕಿನ ಅರ್ಧಕ್ಕಿಂತ ಜಾಸ್ತಿ ನಿಮ್ಮ ಕೈಯಲ್ಲಿದೆ.

ಕನ್ನಡದಲ್ಲೇ ಯಾಕೆ ಬರೆಯುತ್ತಿದ್ದೇನೆ ಎಂದರೆ, ಈ ಪತ್ರವನ್ನು ಯಾರಾದರೂ ಮನಸ್ಸಿಟ್ಟು ಓದುವುದಾದರೆ ಅದು ಬೆಂಗಳೂರಿನಲ್ಲಿ ಕೂತಿರುವ ನೀವೇ. ಆಡಳಿತದವರು ಕಾಗದಕ್ಕೆ ಸಹಿ ಹಾಕುತ್ತಾರೆ. ಒಂದು ಹಳೆಯ ಪೆಟ್ಟಿಗೆಗೆ ಮುಂದಿನ ವರ್ಷವೂ ಅಪ್‌ಡೇಟ್ ಹೋಗಬೇಕೋ ಬೇಡವೋ ಎಂಬ ಮಾತು ಬಂದಾಗ ಆ ಕೋಣೆಯಲ್ಲಿ ಇರುವವರು ನೀವು. ಆ ಹೊತ್ತಿಗೆ ಈ ಪತ್ರ ನಿಮಗೆ ನೆನಪಾಗಲಿ ಎಂಬುದು ನನ್ನ ಆಸೆ.

ಮೊದಲು ಒಬ್ಬ ಅಜ್ಜಿಯ ಕಥೆ ಹೇಳುತ್ತೇನೆ. ನಿಮಗೆ ಗೊತ್ತಿರಬಹುದು. ಆದರೂ ಇನ್ನೊಮ್ಮೆ ಕೇಳಿ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ವರ್ದಿಂಗ್ ಎಂಬ ಊರಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಾನ್ ಬೌವರ್ಸ್, ರಾಯ್ ವಿಲ್ಕಿನ್ಸ್ ಎಂಬ ಇಬ್ಬರು ಗೆಳೆಯರು ಅಲ್ಲೊಂದು ರೇಡಿಯೋ ಅಂಗಡಿ ಇಟ್ಟರು. ಅಂಗಡಿಯ ಹಿಂದೆ ಕೂತು ಬೌವರ್ಸ್ ತನ್ನ ಖುಷಿಗೆ ಸ್ಪೀಕರ್ ಕಟ್ಟುತ್ತಿದ್ದರು. ಮಿಸ್ ನೈಟ್ ಎಂಬ ಗಿರಾಕಿಯೊಬ್ಬರಿದ್ದರು. ವಯಸ್ಸಾದವರು, ಸಂಗೀತ ಎಂದರೆ ಪ್ರಾಣ. ಬೌವರ್ಸ್ ಆಕೆಗೂ ಸ್ಪೀಕರ್ ಕಟ್ಟಿಕೊಟ್ಟಿದ್ದರು. ಆಕೆ ತೀರಿಕೊಂಡಾಗ ಉಯಿಲು ತೆಗೆದು ನೋಡಿದರೆ, ಬೌವರ್ಸ್ ಹೆಸರಿಗೆ 10,000 ಪೌಂಡ್ ಬರೆದಿಟ್ಟಿದ್ದರು. ಆ ದುಡ್ಡಿನಿಂದ 1966ರಲ್ಲಿ ಬೌವರ್ಸ್ ಆಂಡ್ ವಿಲ್ಕಿನ್ಸ್ ಕಂಪನಿ ಶುರುವಾಯಿತು. 1979ರಲ್ಲಿ 801 ಎಂಬ ಸ್ಪೀಕರ್ ಬಂತು. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದವರು ಅದನ್ನು ತಮ್ಮ ಕೋಣೆಗೆ ತಂದಿಟ್ಟುಕೊಂಡರು. ಬೌವರ್ಸ್ ಸ್ಟೈನಿಂಗ್ ಎಂಬ ಚಿಕ್ಕ ಊರಿನಲ್ಲಿ ಸಂಶೋಧನೆಗೆಂದೇ ಬೇರೆ ಜಾಗ ಮಾಡಿದರು. ಮಾರಾಟದ ಗಡಿಬಿಡಿ ಆ ಎಂಜಿನಿಯರುಗಳಿಗೆ ತಟ್ಟಬಾರದು ಎಂಬುದು ಅವರ ಯೋಚನೆ. ಅವರು 1987ರಲ್ಲಿ ತೀರಿಕೊಂಡರು. ಆರು ವರ್ಷ ಕಳೆದ ಮೇಲೆ, 1993ರಲ್ಲಿ, ಶಂಖದ ಹಾಗೆ ಸುರುಳಿ ಸುತ್ತಿದ ನಾಟಿಲಸ್ ಸ್ಪೀಕರ್ ಹೊರಬಂತು. ತಾನಿಲ್ಲದ ಮೇಲೂ ಕೆಲಸ ಮುಂದುವರಿಯುವ ಹಾಗೆ ಒಂದು ಮನೆ ಕಟ್ಟಿ ಹೋಗಿದ್ದರು ಆ ಮನುಷ್ಯ.

ಈಗ ಮುಂದಿನದ್ದು ನೋಡಿ. 2016ರಲ್ಲಿ ಈ ಕಂಪನಿಯನ್ನು ಅಮೆರಿಕದ ಈವಾ ಆಟೋಮೇಷನ್ ಎಂಬ ಸ್ಟಾರ್ಟಪ್ ಕೊಂಡಿತು. ಆ ಹೊತ್ತಿಗೆ ಈವಾ ತನ್ನದು ಎಂದು ಒಂದೇ ಒಂದು ಉಪಕರಣವನ್ನೂ ಮಾರುಕಟ್ಟೆಗೆ ತಂದಿರಲಿಲ್ಲ. 2020ರಲ್ಲಿ ಸೌಂಡ್ ಯುನೈಟೆಡ್ ಕೈಗೆ ಹೋಯಿತು. 2022ರಲ್ಲಿ ಸೌಂಡ್ ಯುನೈಟೆಡ್ಡನ್ನೇ ಮ್ಯಾಸಿಮೋ ಕೊಂಡಿತು, 102.5 ಕೋಟಿ ಡಾಲರ್ ಕೊಟ್ಟು. ಮ್ಯಾಸಿಮೋ ಏನು ಮಾಡುವ ಕಂಪನಿ? ಕೊರೊನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡೆವಲ್ಲ, ಆಮ್ಲಜನಕ ನೋಡುವ ಪಲ್ಸ್ ಆಕ್ಸಿಮೀಟರ್, ಅಂಥ ಆಸ್ಪತ್ರೆ ಉಪಕರಣಗಳ ಕಂಪನಿ. ಖರೀದಿಯ ಸುದ್ದಿ ಹೊರಬಿದ್ದ ಮರುದಿನ ಮ್ಯಾಸಿಮೋ ಷೇರು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕುಸಿಯಿತು. ಹೂಡಿಕೆದಾರರಿಗೂ ಆಡಳಿತಕ್ಕೂ ಜಗಳ ಶುರುವಾಯಿತು. ಕಂಪನಿ ಕಟ್ಟಿದವರೇ 2024ರಲ್ಲಿ ಹೊರಬಿದ್ದರು. ಕೊನೆಗೆ 2025ರ ಮೇ ತಿಂಗಳಲ್ಲಿ ನೀವು 35 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿದಿರಿ. ಮೂರು ವರ್ಷದಲ್ಲಿ ಬೆಲೆ ಮೂರರಲ್ಲಿ ಒಂದಕ್ಕೆ ಇಳಿದಿತ್ತು.

ಒಂಬತ್ತು ವರ್ಷದಲ್ಲಿ ನಾಲ್ಕು ಯಜಮಾನರು. ಮಿಸ್ ನೈಟ್ ಬರೆದಿಟ್ಟ ದುಡ್ಡಿನಿಂದ ಹುಟ್ಟಿದ ಮನೆ ಅದು. ಈ ನಾಲ್ಕು ಸಲದಲ್ಲಿ ಆಸ್ತಿ ಲೆಕ್ಕ ಮಾಡುವಾಗ ಆಕೆಯ ನಂಬಿಕೆಯನ್ನು ಯಾರು, ಯಾವ ಸಾಲಿನಲ್ಲಿ ಬರೆದುಕೊಂಡಿರಬಹುದು? ನನಗೆ ನಿಜವಾಗಿ ತಿಳಿಯಬೇಕು.

ನಮ್ಮ ಕಡೆ ಯಕ್ಷಗಾನದ ಮೇಳಗಳಿಗೆ ಯಜಮಾನರು ಇರುತ್ತಾರೆ. ಡೇರೆ ಮೇಳಗಳ ಕಾಲದಲ್ಲಿ ಯಜಮಾನರು ಬದಲಾಗುವುದು, ನಷ್ಟವಾದಾಗ ಇನ್ನೊಬ್ಬರು ಬಂದು ಮೇಳ ವಹಿಸಿಕೊಳ್ಳುವುದು ಹೊಸದೇನೂ ಅಲ್ಲ. ಜನ ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವರು ಕೇಳುತ್ತಿದ್ದುದು ಒಂದೇ ಮಾತು: ಭಾಗವತರು ಯಾರು? ಮದ್ದಳೆಗೆ ಯಾರು, ಚಂಡೆಗೆ ಯಾರು? ಹಿಮ್ಮೇಳ ಅದೇ ಇದ್ದರೆ ಮೇಳ ಅದೇ. ಹಿಮ್ಮೇಳ ಹೋದರೆ, ಹೆಸರು, ಡೇರೆ, ಕಿರೀಟದ ಪೆಟ್ಟಿಗೆ ಎಲ್ಲ ಇದ್ದರೂ ಅದು ಬೇರೆ ಮೇಳ. ರಾತ್ರಿ ಆಟ ನೋಡಿ ಬೆಳಗ್ಗೆ ಗದ್ದೆಗೆ ಹೋಗುವ ಸಾಮಾನ್ಯ ಜನಕ್ಕೆ ಇದು ಗೊತ್ತಿತ್ತು. ಕಂಪನಿ ಕೊಳ್ಳುವ ದೊಡ್ಡವರಿಗೆ ಇದು ಯಾಕೆ ಮರೆತು ಹೋಗುತ್ತದೆ?

ವಿಯೆನ್ನಾದಲ್ಲಿ ಹಾಗೇ ಆಯಿತು. ಇದನ್ನು ಹೇಳುವಾಗ ನನಗೆ ಈಗಲೂ ಬೇಜಾರಾಗುತ್ತದೆ. ಯಾಕೆಂದರೆ ನನ್ನ ಕಸುಬು ಶುರುವಾಗಿದ್ದೇ ಅಲ್ಲಿಯ ಎಕೆಜಿ ಕಂಪನಿಯಿಂದ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಕೆ240 ಹೆಡ್‌ಫೋನ್ ಕೊಂಡಿದ್ದೆ. ಅದರ ಮೇಲೆ ಆಸ್ಟ್ರಿಯಾದಲ್ಲಿ ತಯಾರಾದದ್ದು ಎಂದು ಬರೆದಿತ್ತು. ಅಲ್ಲಿಯವರೆಗೆ ಸುಮ್ನೆ ಅಂದಾಜಿನ ಮೇಲೆ ಮುದ್ರಣ ಮಾಡುತ್ತಿದ್ದವನು ನಾನು. ಅದನ್ನು ಹಾಕಿಕೊಂಡು ಮೊದಲ ಸಲ ಒಂದು ತಾಳಮದ್ದಳೆ ಕೇಳಿದಾಗ, ಮದ್ದಳೆಯ ಎಡಗೈಯ ಪೆಟ್ಟು ಎಲ್ಲಿ ಮುಗಿಯುತ್ತದೆ, ಶ್ರುತಿಪೆಟ್ಟಿಗೆಯ ಗುಂಯ್ ಎಲ್ಲಿ ಶುರುವಾಗುತ್ತದೆ ಎಂದು ಬೇರೆ ಬೇರೆಯಾಗಿ ಕೇಳಿಸಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಎಕೆಜಿ ಹುಟ್ಟಿದ್ದು 1947ರಲ್ಲಿ, ಯುದ್ಧದಿಂದ ಜರ್ಜರಿತವಾಗಿದ್ದ ವಿಯೆನ್ನಾದಲ್ಲಿ. ರುಡಾಲ್ಫ್ ಗೋರಿಕೆ ಮತ್ತು ಅರ್ನ್ಸ್ಟ್ ಪ್ಲೆಸ್ ಎಂಬ ಇಬ್ಬರು ಮೊದಲು ಸಿನಿಮಾ ಮಂದಿರಗಳಿಗೆ ಬೇಕಾದ ಸಾಮಾನು ಮಾಡುತ್ತಿದ್ದರು. 1953ರಲ್ಲಿ ಸಿ12 ಮೈಕ್ ಮಾಡಿದರು. ಅದರ ಒಳಗಿನ ಸಿಕೆ12 ಎಂಬ ಕ್ಯಾಪ್ಸೂಲ್, ಅಂದರೆ ದನಿ ಹಿಡಿಯುವ ಭಾಗ, ಹಿತ್ತಾಳೆಯದು. ಕೈಯಲ್ಲಿ ಕೂಡಿಸಬೇಕು, ಬಹಳ ನಾಜೂಕಿನ ಕೆಲಸ. ಇವತ್ತಿಗೂ ಜಗತ್ತಿನ ಎಷ್ಟೋ ಮೈಕ್ ತಯಾರಕರು ಅದರ ದನಿಯನ್ನೇ ಹಿಡಿಯಲು ಒದ್ದಾಡುತ್ತಾರೆ. ಸಿ414 ಮೈಕ್ ಅದೇ ಮನೆಯ ಕೂಸು. ವೀಣೆಯ ಮುಂದೆ ಅದನ್ನಿಟ್ಟವರಿಗೆ ಹೆಚ್ಚು ಹೇಳಬೇಕಿಲ್ಲ.

1990ರ ದಶಕದ ಮೊದಲಲ್ಲಿ ನೀವು ಎಕೆಜಿ ಕೊಂಡಿರಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ವಿಯೆನ್ನಾ ಮನೆ ನಡೆಯಿತು, ಅದನ್ನು ಒಪ್ಪುತ್ತೇನೆ. 2016ರ ನವೆಂಬರಿನಲ್ಲಿ ಸ್ಯಾಮ್‌ಸಂಗ್ 800 ಕೋಟಿ ಡಾಲರಿಗೆ ನಿಮ್ಮನ್ನೇ ಕೊಳ್ಳುವ ಸುದ್ದಿ ಬಂತು. 2017ರ ಮಾರ್ಚಿನಲ್ಲಿ ಅದು ಮುಗಿಯಿತು. ಅದೇ ವರ್ಷ ವಿಯೆನ್ನಾದ ಬಾಗಿಲು ಮುಚ್ಚಿತು. ನ್ಯಾಯವಾಗಿ ಹೇಳಬೇಕೆಂದರೆ, ಮುಚ್ಚುವ ತೀರ್ಮಾನ ಸ್ಯಾಮ್‌ಸಂಗ್ ಬರುವ ಮೊದಲೇ ಹರ್ಮನ್ ತೆಗೆದುಕೊಂಡಿದ್ದು. ಆದರೆ ಅದೇ 2017ರಲ್ಲಿ ಗ್ಯಾಲಕ್ಸಿ ಎಸ್8 ಫೋನಿನ ಪೆಟ್ಟಿಗೆ ತೆರೆದರೆ ಒಳಗೆ ಎಕೆಜಿ ಟ್ಯೂನ್ ಮಾಡಿದ ಇಯರ್‌ಫೋನ್ ಎಂದು ಬರೆದಿತ್ತು. ಎಕೆಜಿ ಎಂಬ ಹೆಸರು ಹಿಂದೆಂದೂ ಇಲ್ಲದಷ್ಟು ಜನರ ಜೇಬಿಗೆ ಹೋದ ವರ್ಷವೇ, ಆ ಹೆಸರು ಗಳಿಸಿಕೊಟ್ಟ ಊರಿನಲ್ಲಿ ಜನ ತಮ್ಮ ಮೇಜು ಖಾಲಿ ಮಾಡುತ್ತಿದ್ದರು.

ಅವರು ಸುಮ್ಮನೆ ಕೂರಲಿಲ್ಲ. ಅಲ್ಲಿದ್ದವರಲ್ಲಿ ಇಪ್ಪತ್ತೆರಡು ಜನ ಸೇರಿ ಅದೇ ವರ್ಷ ವಿಯೆನ್ನಾದಲ್ಲೇ ಆಸ್ಟ್ರಿಯನ್ ಆಡಿಯೋ ಎಂಬ ಕಂಪನಿ ಕಟ್ಟಿದರು. 2019ರಲ್ಲಿ ಒಸಿ818 ಎಂಬ ಮೈಕ್ ತಂದರು. ಸಿಕೆ12ರ ಅಳತೆಯನ್ನೇ ಇಟ್ಟುಕೊಂಡು, ಹಿತ್ತಾಳೆಯ ಬದಲು ಸೆರಾಮಿಕ್‌ನಲ್ಲಿ ಮಾಡಿದ ಕ್ಯಾಪ್ಸೂಲ್ ಅದರೊಳಗಿದೆ. ಕೇಳಿದವರಿಗೆ ಮಾತು ಬೇಕಾಗಲಿಲ್ಲ. ಹಿಮ್ಮೇಳ ಎದ್ದು ಪಕ್ಕದ ಗದ್ದೆಯಲ್ಲಿ ಹೊಸ ರಂಗಸ್ಥಳ ಹಾಕಿತ್ತು. ನಿಮ್ಮ ಹತ್ತಿರ ಉಳಿದದ್ದು ಬ್ಯಾನರ್ ಮತ್ತು ಕಿರೀಟದ ಪೆಟ್ಟಿಗೆ.

ಇನ್ಫಿನಿಟಿಯ ಕಥೆ ಇದಕ್ಕಿಂತ ಹಳೆಯದು. 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಕಂಪನಿ ಅದು. ಐಆರ್‌ಎಸ್ ಎಂಬ ಸ್ಪೀಕರ್ ಮಾಡಿದ್ದರು. ಏಳು ಅಡಿಗೂ ಎತ್ತರದ ನಾಲ್ಕು ಗೋಪುರ ಸೇರಿದರೆ ಒಂದು ಜೋಡಿ. ಅದನ್ನು ಕೇಳಲು ಜನ ದೂರದೂರದಿಂದ ಹೋಗುತ್ತಿದ್ದರು. ಇವತ್ತು ನಮ್ಮ ದೇಶದಲ್ಲಿ ಇನ್ಫಿನಿಟಿ ಎಂದರೆ ಕಡಿಮೆ ಬೆಲೆಯ ಬ್ಲೂಟೂತ್ ಇಯರ್‌ಫೋನ್. ಕಡಿಮೆ ಬೆಲೆಗೆ ಒಳ್ಳೆಯ ದನಿ ಕೊಡುವುದು ತಪ್ಪಲ್ಲ. ನನ್ನ ಮಗಳ ಹತ್ತಿರವೂ ಅದೇ ಇದೆ. ಅದಕ್ಕೆ ಹೊಸ ಹೆಸರಿಡಬಹುದಿತ್ತು. ನಾನು ಆ ಗೋಪುರಗಳ ಬಗ್ಗೆ ಹೇಳಿದಾಗ ಅವಳು ನಂಬಲಿಲ್ಲ. ಒಂದು ಹೆಸರಿನ ನೆನಪು ಒಂದೇ ತಲೆಮಾರಿನಲ್ಲಿ ಹೀಗೆ ಅಳಿಸಿ ಹೋಗುತ್ತದೆ.

ದೊಡ್ಡವರು ಕೊಂಡರೆ ಎಲ್ಲ ಹಾಳು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ನೀವೀಗ ತಂದುಕೊಂಡಿರುವ ಮರಾಂಟ್ಜ್ ಅನ್ನೇ ನೋಡಿ. ಸಾಲ್ ಮರಾಂಟ್ಜ್ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಶುರು ಮಾಡಿದ ಕಂಪನಿ 1964ರಲ್ಲೇ ಮಾರಾಟವಾಯಿತು. 1980ರಲ್ಲಿ ಫಿಲಿಪ್ಸ್ ಕೈಗೆ ಬಂತು. ಆಗ ಫಿಲಿಪ್ಸ್ ಸೋನಿ ಜೊತೆ ಸೇರಿ ಸಿಡಿ ತಂತ್ರಜ್ಞಾನ ತರುತ್ತಿತ್ತು. ಆ ತಂತ್ರಜ್ಞಾನವನ್ನು ಮರಾಂಟ್ಜ್‌ಗೆ ಧಾರಾಳವಾಗಿ ಕೊಟ್ಟಿತು. ಕೆನ್ ಇಶಿವಾಟಾ ಎಂಬ ಜಪಾನಿ ಎಂಜಿನಿಯರ್ ಯುರೋಪಿನಲ್ಲಿ ಕೂತು, ಫಿಲಿಪ್ಸ್‌ನ ಬಿಡಿಭಾಗಗಳನ್ನೇ ತಿದ್ದಿ ತೀಡಿ ಮರಾಂಟ್ಜ್ ದನಿ ಮಾಡಿದರು. ಅವರು ನಾಲ್ಕು ದಶಕ ಅಲ್ಲೇ ಇದ್ದರು. ಯಜಮಾನರು ಎಷ್ಟು ಸಲ ಬದಲಾದರು! ಭಾಗವತರು ಒಬ್ಬರೇ.

ಇಂಗ್ಲೆಂಡಿನ ಕೆಇಎಫ್ ಇನ್ನೂ ಒಳ್ಳೆಯ ಉದಾಹರಣೆ. ಬಿಬಿಸಿಯಲ್ಲಿ ಕೆಲಸ ಮಾಡಿದ್ದ ರೇಮಂಡ್ ಕುಕ್ 1961ರಲ್ಲಿ ಮೇಡ್‌ಸ್ಟೋನ್ ಊರಿನಲ್ಲಿ ಶುರು ಮಾಡಿದ್ದು. 1992ರಲ್ಲಿ ಮುಳುಗುವ ಹಂತಕ್ಕೆ ಬಂದಾಗ ಹಾಂಗ್‌ಕಾಂಗಿನ ಗೋಲ್ಡ್ ಪೀಕ್ ಕೊಂಡಿತು. ಹೆಚ್ಚಿನ ತಯಾರಿಕೆ ಚೀನಾಕ್ಕೆ ಹೋಯಿತು. ಎಂಜಿನಿಯರುಗಳು ಮಾತ್ರ ಮೇಡ್‌ಸ್ಟೋನಿನಲ್ಲೇ ಉಳಿದರು. ಇಪ್ಪತ್ತು ವರ್ಷದ ಮೇಲೆ ಅದೇ ಊರಿನಿಂದ ಎಲ್‌ಎಸ್50 ಎಂಬ ಪುಟ್ಟ ಸ್ಪೀಕರ್ ಬಂತು. ಈ ಪತ್ರ ಬರೆಯುತ್ತಾ ನಾನು ಹಾಡು ಕೇಳುತ್ತಿರುವುದು ಅದರಲ್ಲೇ. ಅವಸರ ಮಾಡದೆ, ಊರು ಬಿಡಿಸದೆ ಇಪ್ಪತ್ತು ವರ್ಷ ಕಾದ ಯಜಮಾನರು ಅವರು.

ನಿಮ್ಮ ಮನೆಯಲ್ಲೂ ಅಂಥ ಗುಣ ಇದೆ. ದನಿಯ ವಿಜ್ಞಾನಿ ಫ್ಲಾಯ್ಡ್ ಟೂಲ್ ಅವರನ್ನು ಕೆನಡಾದಿಂದ ಕರೆತಂದವರು ನೀವು. ಅವರು ಮತ್ತು ಶಾನ್ ಆಲಿವ್ ಅಮೆರಿಕದ ನಾರ್ತ್‌ರಿಜ್‌ನಲ್ಲಿ ಪರದೆಯ ಹಿಂದೆ ಸ್ಪೀಕರುಗಳನ್ನು ಯಂತ್ರದಿಂದ ಸರಿಸುವ ಕೋಣೆ ಮಾಡಿ, ಕೇಳುವವರಿಗೆ ಯಾವ ಕಂಪನಿಯದೆಂದು ಗೊತ್ತಾಗದ ಹಾಗೆ ಪರೀಕ್ಷೆ ಮಾಡಿದರು. ಫಲಿತಾಂಶವನ್ನು ಬಚ್ಚಿಡದೆ ಲೋಕಕ್ಕೆಲ್ಲ ಹೇಳಿದರು. ಹೆಡ್‌ಫೋನ್ ಮಾಡುವ ಪ್ರತಿಯೊಬ್ಬರೂ ಇವತ್ತು ಹರ್ಮನ್ ಕರ್ವ್ ಎಂಬ ಹೆಸರು ತಿಳಿದಿದ್ದಾರೆ. ಹೆಚ್ಚು ಕೇಳುಗರು ಇಷ್ಟಪಟ್ಟ ದನಿಯ ಏರಿಳಿತದ ನಕ್ಷೆ ಅದು. ಜಾಹೀರಾತಿಗೆ ಮರುಳಾಗದೆ ಕಿವಿಯನ್ನು ನಂಬಿ ಎಂದು ನಮಗೆ ಕಲಿಸಿದವರೇ ನೀವು. ಅದಕ್ಕೇ ನಿಮ್ಮ ಮುಂದೆ ಇಷ್ಟು ಸಲುಗೆಯಿಂದ ಮಾತಾಡುತ್ತಿದ್ದೇನೆ.

ಆದರೆ ಆ ಕರ್ವ್ ಬಗ್ಗೆಯೇ ನನಗೊಂದು ಹೆದರಿಕೆ ಇದೆ. ಬೌವರ್ಸ್ ದನಿ ಬೇರೆ, ಜೆಬಿಎಲ್ ದನಿ ಬೇರೆ, ಡೆನಾನ್ ದನಿ ಬೇರೆ. ಹೆಚ್ಚು ಜನ ಯಾವುದನ್ನು ಒಪ್ಪಿದರು ಎಂಬ ಲೆಕ್ಕಕ್ಕೆ ಎಲ್ಲವನ್ನೂ ತಂದರೆ ಐದು ಹೆಸರಿನ ಒಂದೇ ಸ್ಪೀಕರ್ ಆಗುತ್ತದೆ. ಯಕ್ಷಗಾನದಲ್ಲಿ ಬಡಗುತಿಟ್ಟು, ತೆಂಕುತಿಟ್ಟು ಎಂದಿವೆ. ವೇಷ ಬೇರೆ, ಕುಣಿತ ಬೇರೆ, ಚಂಡೆಯ ನಡೆಯೂ ಬೇರೆ. ನನಗೆ ಬಡಗು ಇಷ್ಟ. ಮಂಗಳೂರಿನ ಕಡೆಯ ಗೆಳೆಯನಿಗೆ ತೆಂಕು ಬಿಟ್ಟರೆ ಬೇರೆ ಬೇಡ. ಮತ ಎಣಿಸಿ ಒಂದು ತಿಟ್ಟು ಸಾಕು ಎಂದು ಯಾರಾದರೂ ಹೇಳಿದರೆ ನಾವಿಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತೇವೆ. ದಯವಿಟ್ಟು ಬೌವರ್ಸ್‌ಗೆ ಬೌವರ್ಸ್ ಆಗಿಯೇ ಇರಲು ಬಿಡಿ. ವರ್ದಿಂಗ್‌ನ ಕೈಗಳು ವರ್ದಿಂಗ್‌ನಲ್ಲಿರಲಿ. ಜಪಾನಿನ ಶಿರಾಕಾವಾದಲ್ಲಿ ಡೆನಾನ್‌ನವರು ಕೂತಿದ್ದಾರೆ, ಅವರನ್ನು ಎಬ್ಬಿಸಬೇಡಿ. ಎನ್‌ಎಚ್‌ಕೆ ಪ್ರಸಾರಕ್ಕೆಂದು 1960ರ ದಶಕದಲ್ಲಿ ಮಾಡಿದ ಡಿಎಲ್-103 ಎಂಬ ಕಾರ್ಟ್ರಿಜ್, ಅಂದರೆ ಗ್ರಾಮಫೋನ್ ತಟ್ಟೆಯಿಂದ ದನಿ ಎತ್ತುವ ಸೂಜಿಯ ಭಾಗ, ಇವತ್ತಿಗೂ ಅವರು ಮಾಡಿಕೊಡುತ್ತಾರೆ. ಯಾವ ಲೆಕ್ಕಪತ್ರದಲ್ಲೂ ಅದು ದೊಡ್ಡ ಸಾಲಾಗಿರಲಾರದು. ಅದನ್ನು ತೆಗೆಯುವುದು ಬಹಳ ಸುಲಭ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನು ಸಾಫ್ಟ್‌ವೇರ್ ಮಾತು. ಬೆಂಗಳೂರಿನವರೇ, ಇದು ನಿಮಗೆ.

ನಮ್ಮ ಅಪ್ಪಯ್ಯನಿಗೆ ಈಗ ಎಪ್ಪತ್ತೆಂಟು ವರ್ಷ. ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಕೆಲವು ವರ್ಷದ ಹಿಂದೆ ಒಂದು ವೈಫೈ ಸ್ಪೀಕರ್ ತಂದುಕೊಟ್ಟಿದ್ದೆ. ಚಿಕ್ಕ ಕಂಪನಿಯೊಂದರದು, ಹೆಸರು ಬೇಡ. ಅದರ ಮೇಲೆ ಒಂದು ದುಂಡನೆಯ ಗುಂಡಿ. ಒಮ್ಮೆ ಒತ್ತಿದರೆ ಆಕಾಶವಾಣಿ, ಎರಡು ಸಲ ಒತ್ತಿದರೆ ನಾನು ತುಂಬಿಟ್ಟ ಹಳೆಯ ಭಾಗವತಿಕೆಯ ಪದಗಳು. ಬೆಳಗ್ಗೆ ಕಾಫಿ ಲೋಟ ಒಂದು ಕೈಯಲ್ಲಿ, ಇನ್ನೊಂದು ಕೈಯಿಂದ ಆ ಗುಂಡಿ ಒತ್ತುವುದು, ಅದೇ ಅವರ ದಿನದ ಶುರು. ಆಮೇಲೆ ಆ ಕಂಪನಿಯನ್ನು ದೊಡ್ಡದೊಂದು ಕೊಂಡಿತು. ಮೊದಲು ಹೊಸ ಆ್ಯಪ್ ಹಾಕಿಕೊಳ್ಳಿ ಎಂದಿತು. ಹಾಕಿದೆ. ಹೊಸ ಖಾತೆ ಬೇಕೆಂದಿತು. ಮಾಡಿದೆ. ಒಂದು ದಿನ ಹಳೆಯ ಮಾದರಿಗಳಿಗೆ ಸರ್ವರ್ ಇರುವುದಿಲ್ಲ ಎಂದು ಇಮೇಲ್ ಬಂತು. ಅಪ್ಪಯ್ಯ ಗುಂಡಿ ಒತ್ತಿದರೆ ಒಂದು ಕೆಂಪು ದೀಪ ಮಿನುಗಿ ಆರಿಹೋಗುತ್ತದೆ. ಸ್ಪೀಕರಿನ ಕೋನ್ ಸರಿ ಇದೆ, ಕಾಯಿಲ್ ಸರಿ ಇದೆ, ಆಂಪ್ಲಿಫೈಯರ್ ಸರಿ ಇದೆ. ನಾನೇ ಬಿಚ್ಚಿ ನೋಡಿದ್ದೇನೆ. "ನಾನು ಏನಾದ್ರೂ ತಪ್ಪು ಒತ್ತಿದ್ನನಾ?" ಎಂದು ಅವರು ಕೇಳಿದರು. ಒಂದು ಸಲ ಅಲ್ಲ, ವಾರಗಟ್ಟಲೆ ಕೇಳಿದರು. ಯಾವುದೋ ದೇಶದಲ್ಲಿ ಯಾರೋ ತೆಗೆದುಕೊಂಡ ತೀರ್ಮಾನಕ್ಕೆ ಮಲೆನಾಡಿನ ಒಬ್ಬ ಮುದುಕ ತನ್ನನ್ನೇ ಬೈದುಕೊಳ್ಳುತ್ತಿದ್ದರು.

ಮೊದಲು ಸ್ಪೀಕರ್ ಕೆಟ್ಟರೆ ಎಸ್‌ಪಿ ರೋಡಿಗೆ ಒಯ್ಯುತ್ತಿದ್ದೆವು. ಕಾಯಿಲ್ ಸುಟ್ಟರೆ ಹೊಸದು ಕಟ್ಟಿಸುತ್ತಿದ್ದೆವು, ಫೋಮ್ ಹರಿದರೆ ಹೊಸದು ಅಂಟಿಸುತ್ತಿದ್ದೆವು. ಈಗ ಬೀಗ ಹಾಕಿರುವುದು ಸರ್ವರಿನಲ್ಲಿ. ಯಾವ ಅಂಗಡಿಯವನ ಸ್ಕ್ರೂಡ್ರೈವರೂ ಅಲ್ಲಿಗೆ ಮುಟ್ಟುವುದಿಲ್ಲ. ನಮ್ಮ ಕೇಂದ್ರ ಸರಕಾರ 2022ರ ಕೊನೆಯಲ್ಲಿ ರಿಪೇರಿಯ ಹಕ್ಕಿಗೆಂದು ಒಂದು ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಇಂಥ ಬೀಗಕ್ಕೆ ಬಿಡಿಭಾಗದ ಪಟ್ಟಿ ಕೊಟ್ಟರೆ ಸಾಲದು, ಕೋಡ್ ಕೊಡಬೇಕು.

ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಇದೆ. ಸ್ಲಿಮ್ ಡಿವೈಸಸ್ ಎಂಬ ಪುಟ್ಟ ಕಂಪನಿ ಸ್ಕ್ವೀಜ್‌ಬಾಕ್ಸ್ ಎಂಬ ಪೆಟ್ಟಿಗೆ ಮಾಡುತ್ತಿತ್ತು. ಕಂಪ್ಯೂಟರಿನಲ್ಲಿರುವ ಹಾಡನ್ನು ಮನೆಯ ಆಂಪ್ಲಿಫೈಯರಿಗೆ ತಲುಪಿಸುವ ಪೆಟ್ಟಿಗೆ. ಸ್ಪಾಟಿಫೈ ಹೆಸರು ಯಾರಿಗೂ ಗೊತ್ತಿಲ್ಲದ ಕಾಲ. 2006ರಲ್ಲಿ ಲಾಜಿಟೆಕ್ ಅದನ್ನು 2 ಕೋಟಿ ಡಾಲರಿಗೆ ಕೊಂಡಿತು. ಕೆಲವು ಒಳ್ಳೆಯ ಮಾದರಿಗಳೂ ಬಂದವು. 2012ರಲ್ಲಿ ನಿಲ್ಲಿಸಿತು. 2024ರಲ್ಲಿ ಅದರ ಆನ್‌ಲೈನ್ ಸೇವೆಯೂ ಮುಚ್ಚಿತು. ಇಷ್ಟೊತ್ತಿಗೆ ಆ ಪೆಟ್ಟಿಗೆಗಳೆಲ್ಲ ಕಸದ ಬುಟ್ಟಿಯಲ್ಲಿ ಇರಬೇಕಿತ್ತು, ಅಲ್ವಾ? ಇಲ್ಲ. ಆ ಪುಟ್ಟ ಕಂಪನಿಯವರು ಸರ್ವರಿನ ಕೋಡನ್ನು ಮೊದಲಿನಿಂದಲೂ ಮುಕ್ತವಾಗಿ ಇಟ್ಟಿದ್ದರು. ಲಾಜಿಟೆಕ್ ಕೂಡ ಅದನ್ನು ಮುಚ್ಚಿಡಲಿಲ್ಲ. ಕೇಳುಗರೇ ಅದನ್ನು ಹಿಡಿದು ನಡೆಸಿದರು. ಈಗ ಅದರ ಹೆಸರು ಲಿರಿಯಾನ್ ಮ್ಯೂಸಿಕ್ ಸರ್ವರ್. ಹದಿನೈದು, ಇಪ್ಪತ್ತು ವರ್ಷ ಹಳೆಯ ಪೆಟ್ಟಿಗೆಗಳು ಇವತ್ತು ಬೆಳಗ್ಗೆಯೂ ಎಲ್ಲೋ ಹಾಡಿವೆ.

ಅದೇ ಲಾಜಿಟೆಕ್ 2018ರಲ್ಲಿ ಬ್ಲೂ ಮೈಕ್ರೊಫೋನ್ಸ್ ಅನ್ನು ಸುಮಾರು 11.7 ಕೋಟಿ ಡಾಲರಿಗೆ ಕೊಂಡಿತು. 2023ರಲ್ಲಿ ಬ್ಲೂ ಎಂಬ ಹೆಸರನ್ನೇ ಕೈಬಿಟ್ಟಿತು. ಯೂಟ್ಯೂಬಿನಲ್ಲಿ ಕನ್ನಡ ಮಾತಾಡುವ ಎಷ್ಟು ಹುಡುಗ ಹುಡುಗಿಯರ ಮೊದಲ ಮೈಕ್ ಅವರ ಯೆಟಿ! ಯೆಟಿ ಈಗಲೂ ಸಿಗುತ್ತದೆ, ಮೇಲೆ ಬೇರೆ ಹೆಸರು.

ನಿಮ್ಮ ಕೈಗೆ ಈಗ ಹಿಯೋಸ್ ಬಂದಿದೆ. ಡೆನಾನ್, ಮರಾಂಟ್ಜ್ ರಿಸೀವರುಗಳಿಗೆ ಹಾಡು ತರುವ ವ್ಯವಸ್ಥೆ ಅದು. ಬೌವರ್ಸ್‌ನ ವೈಫೈ ಸ್ಪೀಕರುಗಳಿಗೆ ಬೇರೆ ಆ್ಯಪ್. ಜೆಬಿಎಲ್‌ಗೆ ಇನ್ನೊಂದು, ರೂನ್ ಮತ್ತೊಂದು. ಇಷ್ಟೆಲ್ಲ ಒಂದೇ ಮನೆಯಲ್ಲಿ ಯಾಕೆ, ಒಂದು ಮಾಡೋಣ ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಕಚೇರಿಯಲ್ಲಿ ಅದು ಸರಿ ಎಂದೇ ಕಾಣುತ್ತದೆ. ಆ ದಿನ ನೀವು ಮಾಡಬೇಕಾದ್ದು ಇಷ್ಟು. ಹೊಸದು ಮಾಡಿ, ಬೇಡ ಎನ್ನುವುದಿಲ್ಲ. ಹಳೆಯ ಪೆಟ್ಟಿಗೆ ಮನೆಯ ವೈಫೈ ಒಳಗೆ, ಹೊರಗಿನ ಸರ್ವರ್ ಇಲ್ಲದೆ ಹಾಡುವ ಹಾಗೆ ಕೊನೆಯ ಅಪ್‌ಡೇಟ್ ಒಂದನ್ನು ಕೊಟ್ಟು ಮುಚ್ಚಿ. ಅದು ಮಾತಾಡುವ ಭಾಷೆ ಏನು ಎಂಬ ದಾಖಲೆಯನ್ನು ಎಲ್ಲರಿಗೂ ಸಿಗುವ ಹಾಗೆ ಬಿಡಿ. ನಿಲ್ಲಿಸಿದ ಪ್ರತಿ ಮಾದರಿಯ ಸರ್ಕಿಟ್ ನಕ್ಷೆಯನ್ನು ರಿಪೇರಿಯವರ ಕೈಗೆ ಸಿಗುವಂತೆ ಮಾಡಿ. ಎಷ್ಟು ವರ್ಷ ಸರ್ವರ್ ನಡೆಸುತ್ತೀರಿ ಎಂಬುದನ್ನು ಮಾರುವಾಗಲೇ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ. ಔಷಧದ ಚೀಟಿಯ ಮೇಲೆ ತಾರೀಕು ಇರುವುದಿಲ್ಲವೇ, ಹಾಗೆ.

ಆಡಳಿತದವರು ಖರ್ಚು ಕೇಳುತ್ತಾರೆ. ಕೇಳಲಿ. ಡೆನಾನ್ ರಿಸೀವರ್ ಕೊಳ್ಳುವವನು ಹತ್ತು ವರ್ಷಕ್ಕೆಂದು ಕೊಳ್ಳುತ್ತಾನೆ. ಬೌವರ್ಸ್ 800 ಸರಣಿಯನ್ನು ಮಗನಿಗೆ ಬಿಟ್ಟು ಹೋಗಲೆಂದು ಕೊಳ್ಳುತ್ತಾನೆ. 35 ಕೋಟಿ ಡಾಲರ್ ಕೊಟ್ಟು ನೀವು ಕೊಂಡದ್ದರಲ್ಲಿ ಆ ಹತ್ತು ವರ್ಷದ, ಆ ಮಗನ ನಂಬಿಕೆಯೂ ಸೇರಿದೆ. ಅದಿಲ್ಲದಿದ್ದರೆ ನೀವು ಕೊಂಡದ್ದು ಮರ, ಅಂಟು, ತಾಮ್ರದ ತಂತಿ.

ಈ ಮಳೆಗಾಲ ಮುಗಿದ ಮೇಲೆ, ನವೆಂಬರಿನಿಂದ ನಮ್ಮ ಕಡೆ ಆಟಗಳು ಶುರು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಸಾಗರ. ನಿಮ್ಮಲ್ಲಿ ಯಾರಾದರೂ ಬರುವುದಾದರೆ ಬನ್ನಿ. ರಂಗಸ್ಥಳದ ಪಕ್ಕ ನನ್ನ ಮೇಜಿನ ಹತ್ತಿರ ಕುರ್ಚಿ ಹಾಕಿಸುತ್ತೇನೆ. ಆ ಹಳೆಯ ಕೆ240 ಇನ್ನೂ ನನ್ನ ಹತ್ತಿರ ಇದೆ. ಕಿವಿಯ ಮೆತ್ತೆ ಮೂರು ಸಲ ಬದಲಾಯಿಸಿದ್ದೇನೆ, ವೈರ್ ಎರಡು ಸಲ ಬೆಸುಗೆ ಹಾಕಿದ್ದೇನೆ. ಅದನ್ನು ನಿಮಗೆ ಕೊಡುತ್ತೇನೆ, ಚಂಡೆಯ ಪೆಟ್ಟು ಅದರಲ್ಲಿ ಹೇಗೆ ಬರುತ್ತದೆ ಎಂದು ನೀವೇ ಕೇಳಿ. ಬೆಳಗ್ಗೆ ಮನೆಗೆ ಹೋಗೋಣ. ಅಪ್ಪಯ್ಯನ ಸ್ಪೀಕರ್ ಇನ್ನೂ ಅದೇ ಗೂಡಿನಲ್ಲಿದೆ, ಒರೆಸಿ ಇಟ್ಟಿದ್ದಾರೆ. ಅದನ್ನು ಮಾಡಿದವರು ನೀವಲ್ಲ, ಮುಚ್ಚಿದವರೂ ನೀವಲ್ಲ. ಆದರೆ ನೀವು ಈ ಕೆಲಸ ಬಲ್ಲವರು. ಅವರು ತಪ್ಪಾಗಿ ಏನೂ ಒತ್ತಲಿಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ನಂಬಿಲ್ಲ. ನೀವು ಹೇಳಿದರೆ ನಂಬುತ್ತಾರೇನೋ.

ಇಂತಿ,
ಸಾಗರ ತಾಲ್ಲೂಕಿನ ಒಬ್ಬ ಧ್ವನಿಮುದ್ರಣದವನು